ಕೈ ಹೊಲಿಗೆಯೋ, ಮಷಿನ್ ಹೊಲಿಗೆಯೋ? ಚರ್ಮದ ಸಾಮಾನಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿಯಲ್ಲಿ ಚರ್ಮದ ಕೆಲಸ ಮಾಡುವವನು. ಅಥಣಿ ಕಡೆಯ ಹಿರಿಯರೊಬ್ಬರ ಹತ್ತಿರ ಚಪ್ಪಲಿ ಕೆಲಸ ಕಲಿತೆ, ಆಮೇಲೆ ಪರ್ಸು, ಬೆಲ್ಟು, ಬ್ಯಾಗು ಅಂತ ಕೈ ಹಾಕಿದೆ. ನನ್ನ ಅಂಗಡಿಯ ಒಂದು ಮೂಲೆಯಲ್ಲಿ ಮಷಿನ್ ಇದೆ, ಇನ್ನೊಂದು ಮೂಲೆಯಲ್ಲಿ ಕೈ ಹೊಲಿಗೆಗೆ ಚರ್ಮ ಹಿಡಿಯುವ ಕಟ್ಟಿಗೆಯ ಇಕ್ಕಳ ಇದೆ. ಎರಡನ್ನೂ ನೋಡಿದವರು ಮೊದಲು ಕೇಳುವ ಪ್ರಶ್ನೆ ಒಂದೇ. ಅದನ್ನೂ, ಫೋನಿನಲ್ಲಿ, ಕಾಗದದಲ್ಲಿ, ಚಹಾ ಕುಡಿಯುವಾಗ ಬಂದ ಉಳಿದವನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲಿಗೆ

"ಕೈಲಿ ಹೊಲಿದಿದ್ದು ಗಟ್ಟಿನಾ, ಮಷಿನ್‌ದು ಗಟ್ಟಿನಾ? ಒಂದೇ ಮಾತಲ್ಲಿ ಹೇಳಿಬಿಡಿ."

ಒಂದು ಮಾತು ಸಾಲದು, ಎರಡು ಬೇಕು. ಎಳೆತ, ಬಾಗು, ತಿಕ್ಕಾಟ ಇರುವ ಜಾಗಕ್ಕೆ ಕೈ ಹೊಲಿಗೆ. ಉದ್ದಕ್ಕೆ, ನೇರಕ್ಕೆ, ತೆಳ್ಳಗೆ ಇರುವ ಜಾಗಕ್ಕೆ ಮಷಿನ್. ಅಂದರೆ ಪ್ರಶ್ನೆ ಇಡೀ ಸಾಮಾನಿನದ್ದಲ್ಲ, ಅದರ ಒಂದೊಂದು ಜಾಗದ್ದು. ಒಂದೇ ಬ್ಯಾಗಿನ ಒಳಗಿನ ಜೇಬಿಗೆ ಮಷಿನ್ ಸಾಕು, ಹಿಡಿಕೆಗೆ ಸಾಲುವುದಿಲ್ಲ. ಇನ್ನೊಂದು ಮಾತು, ಕೇಳಿದವರಿಗೆ ಇಷ್ಟವಾಗದ್ದು: ಕೆಟ್ಟ ಕೈ ಹೊಲಿಗೆಗಿಂತ ಒಳ್ಳೆಯ ಮಷಿನ್ ಹೊಲಿಗೆ ಎಷ್ಟೋ ವಾಸಿ. ಕೈಲಿ ಮಾಡಿದ್ದು ಅನ್ನುವ ಒಂದೇ ಕಾರಣಕ್ಕೆ ಯಾವುದೂ ಗಟ್ಟಿಯಾಗುವುದಿಲ್ಲ.

"ದಾರ ಒಂದೇ, ಚರ್ಮ ಒಂದೇ. ಹಂಗಾದ್ರೆ ವ್ಯತ್ಯಾಸ ಎಲ್ಲಿಂದ ಬಂತ್ರಿ?"

ದಾರ ಓಡುವ ದಾರಿಯಿಂದ ಬಂತು. ಕೈ ಹೊಲಿಗೆಯಲ್ಲಿ ಗಟ್ಟಿ ಅಂತ ಹೆಸರಾಗಿರುವುದು ಎರಡು ಸೂಜಿಯ ಹೊಲಿಗೆ. ಕುದುರೆಯ ಜೀನು ಹೊಲಿಯುತ್ತಿದ್ದ ರೀತಿ ಅದು, ಅದಕ್ಕೇ ಸ್ಯಾಡಲ್ ಹೊಲಿಗೆ ಅನ್ನುತ್ತಾರೆ. ಒಂದೇ ದಾರ, ಎರಡು ತುದಿಗೂ ಒಂದೊಂದು ಸೂಜಿ. ಪ್ರತಿ ತೂತಿನಲ್ಲೂ ಒಂದು ಸೂಜಿ ಈ ಕಡೆಯಿಂದ ಆ ಕಡೆಗೆ, ಇನ್ನೊಂದು ಆ ಕಡೆಯಿಂದ ಈ ಕಡೆಗೆ ಹಾದು ಹೋಗುತ್ತದೆ. ಮುಂದೆ ಕಾಣುವ ಒಂದು ಟಾಕಾ ತಿಕ್ಕಿ ಹರಿದರೂ ಹಿಂದಿನ ಎಳೆ ಹಿಡಿದುಕೊಂಡಿರುತ್ತದೆ. ಪಕ್ಕದ ಟಾಕಾಗಳು ತೂತಿನೊಳಗೆ ಒಂದಕ್ಕೊಂದು ಒತ್ತಿಕೊಂಡು ಅಲ್ಲೇ ನಿಲ್ಲುತ್ತವೆ.

ಮಷಿನ್‌ನಲ್ಲಿ ದಾರ ಎರಡು. ಮೇಲೊಂದು, ಕೆಳಗೆ ಬಾಬಿನ್‌ನದ್ದೊಂದು. ಎರಡೂ ಚರ್ಮದ ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ವಾಪಸ್ ಬರುತ್ತವೆ. ಮೇಲಿನದ್ದು ಮೇಲೇ ಉಳಿಯಿತು, ಕೆಳಗಿನದ್ದು ಕೆಳಗೇ. ಮೇಲಿನ ದಾರ ಹರಿದರೆ ಕೆಳಗಿನದಕ್ಕೆ ಆ ಜಾಗದಲ್ಲಿ ಹಿಡಿತ ತಪ್ಪುತ್ತದೆ, ಎಳೆದಷ್ಟೂ ಹೊಲಿಗೆ ಸಡಿಲವಾಗುತ್ತಾ ಹೋಗುತ್ತದೆ.

ಆದರೆ "ಮಷಿನ್ ಹೊಲಿಗೆ ಒಂದು ಹರಿದರೆ ಸರ್ರನೆ ಪೂರ್ತಿ ಬಿಚ್ಚುತ್ತದೆ" ಅನ್ನುವುದು ಉತ್ಪ್ರೇಕ್ಷೆ. ಹಾಗೆ ಬಿಚ್ಚುವುದು ಸರಪಳಿ ಹೊಲಿಗೆ. ಅಕ್ಕಿ ಚೀಲದ ಬಾಯಿ ನೆನಪಿಸಿಕೊಳ್ಳಿ. ಸರಿಯಾದ ತುದಿ ಸಿಕ್ಕರೆ ಒಂದೇ ಎಳೆತಕ್ಕೆ ಬಾಯಿ ತೆರೆಯುತ್ತದೆ (ಸಿಗದಿದ್ದರೆ ಅರ್ಧ ಗಂಟೆ ಒದ್ದಾಟ, ಅದು ಬೇರೆ ವಿಷಯ). ಮಾಮೂಲಿ ಹೊಲಿಗೆ ಮಷಿನ್ ಹಾಕುವುದು ಆ ಹೊಲಿಗೆ ಅಲ್ಲ.

"ಬಸ್‌ಸ್ಟ್ಯಾಂಡ್ ಹತ್ರ ಕೂತವರು ಕೈಲೇ ಹೊಲಿತಾರಲ್ಲ, ಅದೂ ಸ್ಯಾಡಲ್ ಹೊಲಿಗೇನಾ?"

ಸಾಮಾನ್ಯವಾಗಿ ಅಲ್ಲ. ಅವರ ಕೈಲಿರುವ ಆರಿಯ ಮೊನೆ ನೋಡಿ, ಸಣ್ಣ ಕೊಕ್ಕೆ ಇರುತ್ತದೆ. ಆರಿಯನ್ನು ಮೇಲಿಂದ ಚುಚ್ಚುತ್ತಾರೆ, ಕೆಳಗೆ ಎಡಗೈಯಲ್ಲಿ ಹಿಡಿದ ದಾರವನ್ನು ಕೊಕ್ಕೆಗೆ ಸಿಕ್ಕಿಸಿ ಮೇಲಕ್ಕೆ ಕುಣಿಕೆಯ ಹಾಗೆ ಎಳೆಯುತ್ತಾರೆ, ದಾರದ ಇನ್ನೊಂದು ತುದಿಯನ್ನು ಆ ಕುಣಿಕೆಯಲ್ಲಿ ತೂರಿಸಿ ಬಿಗಿಯುತ್ತಾರೆ. ಮಷಿನ್ ಮಾಡುವುದೂ ಇದನ್ನೇ! ಮೇಲಿನ ದಾರ, ಕೆಳಗಿನ ದಾರ, ನಡುವೆ ಕೊಂಡಿ. ಹಾಗಾಗಿ "ಕೈ ಹೊಲಿಗೆ" ಅಂದ ಕೂಡಲೇ ಎರಡು ಸೂಜಿ ಹೊಲಿಗೆ ಅಂದುಕೊಳ್ಳಬೇಡಿ.

ಇದು ಕೀಳು ಅಂತ ಹೇಳುತ್ತಿಲ್ಲ. ಕೈ ಬಿಗಿತ ಇದೆ, ದಪ್ಪ ದಾರ ಇದೆ, ಮೇಣ ಇದೆ. ಬೂಟಿನ ಒಳಗೆ ಎರಡನೇ ಸೂಜಿ ಹಾಯಿಸಲು ಜಾಗವೇ ಇಲ್ಲದ ಕಡೆ ಕೊಕ್ಕೆ ಆರಿಗಿಂತ ಒಳ್ಳೆಯ ಉಪಾಯ ನನಗಂತೂ ಗೊತ್ತಿಲ್ಲ.

"ಅಂಗಡಿಯವರು ಕೈ ಹೊಲಿಗೆ ಅಂತ ಜಾಸ್ತಿ ದುಡ್ಡು ಕೇಳ್ತಾರೆ. ನಿಜವೋ ಸುಳ್ಳೋ ಹೆಂಗೆ ಗೊತ್ತಾಗತ್ತೆ?"

ಮೊದಲು ಹಿಂಬದಿ ನೋಡಿ. ಮಷಿನ್ ಹೊಲಿಗೆಯ ಮುಂಭಾಗ ಚೆಂದ ಇದ್ದು ಹಿಂಭಾಗ ಬೇರೆ ತರ ಕಾಣುವುದು ಜಾಸ್ತಿ. ಬಾಬಿನ್ ದಾರ ಸಪೂರ ಇರಬಹುದು, ಬಣ್ಣ ಬೇರೆ ಇರಬಹುದು, ಟಾಕಾಗಳ ನಡುವೆ ಮೇಲಿನ ದಾರದ ಚುಕ್ಕೆ ಇಣುಕಬಹುದು. ಎರಡು ಸೂಜಿ ಹೊಲಿಗೆಯಲ್ಲಿ ಎರಡೂ ಕಡೆ ಒಂದೇ ದಾರ. ಮುಂದೆ ಟಾಕಾ ಸ್ವಲ್ಪ ಓರೆ ಇರುತ್ತದೆ, ಚೆನ್ನಾಗಿ ಹೊಲಿದಿದ್ದರೆ ಹಿಂದೆಯೂ ಓರೆ.

ಆಮೇಲೆ ಹೊಲಿಗೆ ಮುಗಿದ ಜಾಗ ನೋಡಿ. ಕೈಲಿ ಹೊಲಿದವರು ಕೊನೆಗೆ ಎರಡು ಮೂರು ತೂತು ಹಿಂದಕ್ಕೆ ಹೊಲಿದು ದಾರ ಕತ್ತರಿಸುತ್ತಾರೆ, ಅಲ್ಲಿ ಟಾಕಾ ಜೋಡಿಯಾಗಿ ಕಾಣುತ್ತದೆ. ಮಷಿನ್‌ನಲ್ಲೂ ಹಿಂದಕ್ಕೆ ಹೊಲಿಯುತ್ತಾರೆ, ಆದರೆ ಅದೇ ತೂತಿಗೆ ಸೂಜಿ ಬೀಳುವುದು ಅದೃಷ್ಟ. ಪಕ್ಕದಲ್ಲಿ ಹೊಸ ತೂತು ಬಿದ್ದಿರುತ್ತದೆ.

ಮೂರನೆಯ ಜಾತಿಯೂ ಒಂದಿದೆ. ಅಂಟಿನಿಂದ ಅಂಟಿಸಿ, ಮೇಲೆ ಹೊಲಿಗೆಯ ಗುರುತು ಮಾತ್ರ ಒತ್ತಿದ್ದು. ಉಗುರಿನಿಂದ ಟಾಕಾ ಮೀಟಿ ನೋಡಿ, ದಾರವೇ ಇಲ್ಲದಿದ್ದರೆ ಗೊತ್ತಾಗಿಬಿಡುತ್ತದೆ.

## ಕೊಲ್ಹಾಪುರಿ, ಅಂದರೆ ನಮ್ಮ ಅಥಣಿ ಚಪ್ಪಲಿ

"ಅಥಣಿ ಚಪ್ಪಲಿಯಲ್ಲಿ ದಾರಾನೇ ಕಾಣಲ್ಲ. ಹೊಲಿದಿದ್ದಾರಾ, ಅಂಟಿಸಿದ್ದಾರಾ?"

ಹೊಲಿದಿದ್ದಾರೆ, ದಾರದಿಂದ ಅಲ್ಲ, ಚರ್ಮದಿಂದಲೇ. ಸಪೂರವಾಗಿ ಸೀಳಿದ ಚರ್ಮದ ಬಾರು ಅದು. ಹಳೆಯ ಪದ್ಧತಿಯ ಚಪ್ಪಲಿಯಲ್ಲಿ ಮೊಳೆ ಇರುವುದಿಲ್ಲ. ಅಟ್ಟೆಗೆ ಎಮ್ಮೆ ಚರ್ಮ. ಅಟ್ಟೆಯ ಪದರಗಳ ನಡುವೆ ಎರಡೂ ಪಕ್ಕಕ್ಕೆ ಕಿವಿ ಅನ್ನುವ ತುಂಡುಗಳನ್ನು ಸಿಕ್ಕಿಸಿ, ಪದರಗಳನ್ನು ಬಾರಿನಿಂದ ಸುತ್ತಲೂ ಹೊಲಿಯುತ್ತಾರೆ. ಪಟ್ಟಿ ಕೂರುವುದು ಆ ಕಿವಿಗೆ. ಮುಂದೆ ಉಂಗುಷ್ಟ, ಅಂದರೆ ಹೆಬ್ಬೆರಳು ತೂರಿಸುವ ಕುಣಿಕೆ. ಬಾರನ್ನು ಒದ್ದೆ ಮಾಡಿ, ಅದಕ್ಕಿಂತ ಸಣ್ಣ ತೂತಿನಲ್ಲಿ ಎಳೆದು ಬಿಗಿದು, ಆಮೇಲೆ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಒಣಗಿದ ಮೇಲೆ ಅಟ್ಟೆ ಯಾವುದು, ಹೊಲಿಗೆ ಯಾವುದು ಅಂತ ಕಣ್ಣಿಗೆ ಬೇಗ ಬೇರೆಯಾಗಿ ಸಿಗುವುದಿಲ್ಲ.

ಇದರ ಜಾಣತನ ಏನೆಂದರೆ, ಅಟ್ಟೆಯೂ ಬಾರೂ ಒಂದೇ ಜಾತಿಯ ಚರ್ಮ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ್ದು. ನಡೆದಾಗ ಎರಡೂ ಒಟ್ಟಿಗೆ ಬಾಗುತ್ತವೆ, ಒಟ್ಟಿಗೆ ಸವೆಯುತ್ತವೆ. ನೈಲಾನ್ ದಾರವಾದರೆ ಚರ್ಮ ಸವೆದರೂ ತಾನು ಸವೆಯದೆ ಉಳಿದು, ಮೆತ್ತಗಾದ ಅಟ್ಟೆಯನ್ನು ಗರಗಸದ ಹಾಗೆ ಕೊಯ್ಯುತ್ತದೆ. ಅಥಣಿ, ಮದಭಾವಿ, ನಿಪ್ಪಾಣಿ ಕಡೆಯ ಸಮಗಾರ ಕುಟುಂಬಗಳು ಇದನ್ನು ಯಾರ ಪಾಠವೂ ಇಲ್ಲದೆ ತಲೆಮಾರುಗಳಿಂದ ಮಾಡಿಕೊಂಡು ಬಂದಿವೆ. ಪಟ್ಟಿ ಹೆಣೆಯುವ, ಜಡೆ ಹಾಕುವ ನಾಜೂಕು ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದು. ಮಾರುವಾಗ ಅವರ ಹೆಸರು ಯಾರೂ ಹೇಳುವುದಿಲ್ಲ.

"ಕೊಲ್ಹಾಪುರಿ ಅಂದ್ರೆ ಮಹಾರಾಷ್ಟ್ರದ್ದಲ್ವಾ? ನೀವ್ಯಾಕೆ ನಮ್ಮದು ಅಂತೀರಿ?"

ಇಬ್ಬರದ್ದೂ. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಿಕೆ (ಜಿಐ, ಅಂದರೆ ಈ ಹೆಸರು ಈ ಕಡೆಯ ಸಾಮಾನಿಗೇ ಸಲ್ಲುವುದು ಅನ್ನುವ ಮಾನ್ಯತೆ) ಎರಡು ರಾಜ್ಯಗಳ ಎಂಟು ಜಿಲ್ಲೆಗೆ ಸೇರಿದೆ: ಅಲ್ಲಿನ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ, ಇಲ್ಲಿನ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅದನ್ನು ಪಡೆದದ್ದು ನಮ್ಮ ಕಡೆಯಿಂದ ಲಿಡ್ಕರ್, ಅವರ ಕಡೆಯಿಂದ ಲಿಡ್ಕಾಂ, ಎರಡೂ ಆಯಾ ರಾಜ್ಯ ಸರ್ಕಾರದ ಚರ್ಮೋದ್ಯಮ ನಿಗಮಗಳು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಇಂಥದ್ದೇ ಚಪ್ಪಲಿ ತೋರಿಸಿ, ಗಲಾಟೆಯಾದ ಮೇಲೆ ಭಾರತದ ಚಪ್ಪಲಿಯಿಂದ ಪ್ರೇರಣೆ ಪಡೆದದ್ದು ಹೌದು ಅಂತ ಒಪ್ಪಿಕೊಂಡಿತಲ್ಲ, ಆಮೇಲೆ ನನಗೆ ಈ ಪ್ರಶ್ನೆ ಇನ್ನೂ ಜಾಸ್ತಿ ಬರುತ್ತಿದೆ.

"ಮಷಿನ್‌ನಲ್ಲಿ ಹೊಲಿದ ಕೊಲ್ಹಾಪುರಿ ಎಲ್ಲಾ ಡೂಪ್ಲಿಕೇಟಾ?"

ಎಲ್ಲಿ ಹೊಲಿದಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಮೇಲಿನ ಪಟ್ಟಿಗೆ ತೆಳುವಾದ ಅಸ್ತರು ಕೊಟ್ಟು ಅಂಚನ್ನು ಮಷಿನ್‌ನಲ್ಲಿ ಓಡಿಸಿದ್ದರೆ ನನಗೆ ತಕರಾರಿಲ್ಲ. ಕಾಲಿಗೆ ಮೆತ್ತಗಿರುತ್ತದೆ, ಬೆಲೆಯೂ ಕೈಗೆಟುಕುತ್ತದೆ. ಅಟ್ಟೆಯನ್ನು ಅಂಟಿಸಿ, ಸುತ್ತ ಸುಮ್ನೆ ತೋರಿಕೆಗೆ ಮಷಿನ್ ಹೊಲಿಗೆ ಓಡಿಸಿದ್ದರೆ ಅದು ನೋಡಲು ಕೊಲ್ಹಾಪುರಿ, ಅಷ್ಟೇ. ಅಂಥದ್ದರಲ್ಲಿ ಕಿವಿ ಅಂಟಿನ ಮೇಲೇ ನಿಂತಿರುತ್ತದೆ, ಒಂದು ಮಳೆಗೆ ಕಿತ್ತು ಬರುತ್ತದೆ. ಕೊಳ್ಳುವಾಗ ಚಪ್ಪಲಿ ಮಗುಚಿ, ಕಿವಿ ಅಟ್ಟೆಗೆ ಸೇರುವ ಜಾಗದಲ್ಲಿ ಹೊಲಿಗೆ ಕೆಳಗಿನವರೆಗೆ ಹಾದಿದೆಯಾ ನೋಡಿ. ಬೇರೇನೂ ನೋಡದಿದ್ದರೂ ಇದೊಂದು ನೋಡಿ.

"ಮಳೆಗಾಲ ಬಂದ ಕೂಡ್ಲೇ ಹೊಲಿಗೆ ಬಿಚ್ಚತ್ತೆ, ಯಾಕೆ?"

ಅಟ್ಟೆ ನೀರು ಕುಡಿದು ಉಬ್ಬುತ್ತದೆ, ಬಾರು ಮೆತ್ತಗಾಗುತ್ತದೆ, ಅಷ್ಟರಲ್ಲೇ ನೀವು ಟಾರು ರಸ್ತೆಯ ಮೇಲೆ ತಿಕ್ಕಿಕೊಂಡು ನಡೆಯುತ್ತೀರಿ. ಒಣಗಿದ್ದಾಗ ವರ್ಷ ಸವೆಯುವಷ್ಟು ವಾರದಲ್ಲಿ ಸವೆಯುತ್ತದೆ. ಒದ್ದೆಯಾದರೆ ನೆರಳಲ್ಲಿ ಒಣಗಿಸಿ. ಬಿಸಿಲಲ್ಲಿ, ಒಲೆ ಪಕ್ಕ ಇಟ್ಟರೆ ಚರ್ಮ ಹಪ್ಪಳದ ಹಾಗೆ ಮುದುರಿ ತೂತುಗಳೇ ಸೀಳುತ್ತವೆ. ಮಳೆಗಾಲಕ್ಕೆ ಬೇರೆ ಚಪ್ಪಲಿ ಹಾಕಿಕೊಳ್ಳಿ. ಮಾರುವವನಾಗಿ ನಾನು ಹೀಗೆ ಹೇಳಬಾರದು, ಆದರೂ.

## ಯಾವುದಕ್ಕೆ ಯಾವ ಹೊಲಿಗೆ

"ಪರ್ಸು, ಬೆಲ್ಟು, ಬ್ಯಾಗು ಮಾಡಿಸ್ಬೇಕು. ಯಾವುದನ್ನ ಕೈಲಿ ಹೊಲಿಸ್ಲಿ, ಯಾವುದಕ್ಕೆ ಮಷಿನ್ ಸಾಕು?"

ಬ್ಯಾಗಿನಿಂದ ಶುರು ಮಾಡೋಣ, ಯಾಕೆಂದರೆ ನಾನು ಪಾಠ ಕಲಿತದ್ದು ಅದರಿಂದಲೇ. ಮೊದಮೊದಲು ಮಾಡಿದ ಒಂದು ಲ್ಯಾಪ್‌ಟಾಪ್ ಬ್ಯಾಗಿನ ಹೆಗಲ ಪಟ್ಟಿಯನ್ನು ಮಷಿನ್‌ನಲ್ಲಿ ಹೊಲಿದೆ. ಗಟ್ಟಿಯಾಗಲಿ ಅಂತ ಟಾಕಾ ತುಂಬಾ ಒತ್ತೊತ್ತಾಗಿ ಹಾಕಿದೆ, ಇಂಚಿಗೆ ಹನ್ನೆರಡರ ಹಾಗೆ. ಮೂರು ತಿಂಗಳಿಗೆ ಗಿರಾಕಿ ವಾಪಸ್ ತಂದರು. ದಾರ ಹರಿದಿರಲಿಲ್ಲ, ಹೊಲಿಗೆಯ ಗೆರೆಯುದ್ದಕ್ಕೂ ಚರ್ಮವೇ ಹರಿದಿತ್ತು, ಅಂಚೆ ಚೀಟಿ ಹರಿದ ಹಾಗೆ. ಒತ್ತಾದ ತೂತುಗಳು ಚರ್ಮವನ್ನು ಬಲಪಡಿಸುವುದಿಲ್ಲ, ಕತ್ತರಿಸುತ್ತವೆ. ಭಾರ ಹೊರುವ ಪಟ್ಟಿಗೆ ಈಗ 4 ಮಿಲಿಮೀಟರ್‌ಗೆ ಒಂದು ಟಾಕಾ, ದಪ್ಪ ದಾರ, ಎರಡು ಸೂಜಿ, ಜೊತೆಗೆ ಒಂದು ರಿವೆಟ್. ಬ್ಯಾಗಿನ ಪಕ್ಕಗಳು, ಒಳಗಿನ ಜೇಬು, ಜಿಪ್ಪು, ಬಟ್ಟೆಯ ಅಸ್ತರು, ಇವೆಲ್ಲ ಮಷಿನ್‌ಗೆ. ಜಿಪ್ಪನ್ನು ಕೈಲೇ ಹೊಲಿಯುತ್ತೇನೆ ಅನ್ನುವವರ ತಾಳ್ಮೆಗೆ ನಮಸ್ಕಾರ.

ಬೆಲ್ಟು ಒಂದೇ ಪದರ ದಪ್ಪ ಚರ್ಮದ್ದಾದರೆ ಉದ್ದಕ್ಕೆ ಹೊಲಿಗೆಯೇ ಬೇಡ. ಹಾಕಿದರೆ ಅದು ಚೆಂದಕ್ಕೆ. ಬಕಲ್ ಮಡಚಿದ ಜಾಗದ ಎರಡು ಇಂಚು ಮಾತ್ರ ಕೈಲಿ ಹೊಲಿಸಿ. ಎರಡು ತೆಳು ಪದರ ಸೇರಿಸಿದ ಬೆಲ್ಟಿಗೆ ಉದ್ದಕ್ಕೂ ಮಷಿನ್.

ಪರ್ಸಿಗೆ ಹಿಂದಿನ ಜೇಬಿನಲ್ಲಿ ಕೂತು ತಿಕ್ಕಿಸಿಕೊಳ್ಳುವ ಕರ್ಮ ಇದೆ. ಹೊರಗಿನ ಅಂಚು ಕೈಲಿ, ಕಾರ್ಡು ಇಡುವ ಒಳಗಿನ ತೆಳು ಪದರ ಮಷಿನ್‌ನಲ್ಲಿ. ಅರ್ಧ ಮಿಲಿಮೀಟರಿನ ಚರ್ಮಕ್ಕೆ ಕೈಲಿ ದೊಡ್ಡ ತೂತು ಕೊರೆಯುವುದಕ್ಕಿಂತ ಸಣ್ಣ ಸೂಜಿಯ ಮಷಿನ್ ನಿಜಕ್ಕೂ ಮೇಲು.

ದನದ ಗೆಜ್ಜೆಪಟ್ಟಿಗೆ ಬೇರೆ ಮಾತೇ ಇಲ್ಲ. ದಪ್ಪ ಚರ್ಮ, ಬೆವರು, ಧೂಳು, ಎತ್ತಿನ ಕುತ್ತಿಗೆಯ ಜೋರು. ಕೈಲೇ, ಬಾರಿನಿಂದಲೇ.

"ಕ್ರಿಕೆಟ್ ಬಾಲ್ ಈಗ್ಲೂ ಕೈಲೇ ಹೊಲಿತಾರಂತೆ, ಹೌದಾ?"

ಹೌದು, ಕೈ ಮತ್ತು ಮಷಿನ್‌ನ ವ್ಯತ್ಯಾಸ ಕಣ್ಣಾರೆ ನೋಡಲು ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಬಾಲಿನ ಸೀಮ್‌ನಲ್ಲಿ ಆರು ಸಾಲು ಹೊಲಿಗೆ. ಮೀರತ್‌ನ ಎಸ್‌ಜಿ, ಇಂಗ್ಲೆಂಡಿನ ಡ್ಯೂಕ್ಸ್ ಬಾಲಿನಲ್ಲಿ ಆರೂ ಸಾಲು ಕೈ ಹೊಲಿಗೆ. ಆಸ್ಟ್ರೇಲಿಯಾದ ಕೂಕಬುರಾದಲ್ಲಿ ನಡುವಿನ ಎರಡು ಸಾಲು ಮಾತ್ರ ಕೈಯದು, ಆಚೀಚಿನ ನಾಲ್ಕು ಮಷಿನ್‌ನದು. ಕೂಕಬುರಾದ ಸೀಮ್ ಬೇಗ ಚಪ್ಪಟೆಯಾಗುತ್ತದೆ, ಎಸ್‌ಜಿಯದು ಬಹಳ ಹೊತ್ತು ಎದ್ದು ನಿಂತಿರುತ್ತದೆ ಅಂತ ಕಾಮೆಂಟರಿಯಲ್ಲಿ ಹೇಳುತ್ತಲೇ ಇರುತ್ತಾರಲ್ಲ, ಅದರ ಹಿಂದೆ ಈ ಹೊಲಿಗೆಯದ್ದೂ ಪಾಲಿದೆ. ಅಂದಹಾಗೆ ಎರಡು ಅರ್ಧಗಳನ್ನು ಹಿಡಿದಿಡುವ ಕೆಲಸ ಕೂಕಬುರಾದಲ್ಲೂ ಆ ನಡುವಿನ ಕೈ ಹೊಲಿಗೆಗೇ ಬಿಟ್ಟಿದ್ದಾರೆ.

"ಅಪ್ಪನ ಹಳೇ ಬ್ಯಾಗ್ ಹೊಲಿಗೆ ಬಿಟ್ಟಿದೆ. ಮಷಿನ್‌ಗೆ ಕೊಟ್ರೆ ಒಂದೇ ನಿಮಿಷದ ಕೆಲ್ಸ ಅಂತಾರೆ, ಕೊಡ್ಲಾ?"

ಬೇಡ. ಮಷಿನ್ ಹಳೆಯ ತೂತು ನೋಡಿಕೊಂಡು ಹೊಲಿಯುವುದಿಲ್ಲ, ಪಕ್ಕಪಕ್ಕದಲ್ಲಿ ಹೊಸದು ಚುಚ್ಚುತ್ತದೆ. ಹಳೆಯ ಚರ್ಮ ಒಣಗಿರುತ್ತದೆ, ತೂತಿನ ಮೇಲೆ ತೂತು ಬಿದ್ದರೆ ಅಂಚೇ ಉದುರುತ್ತದೆ. ಕೈಲಿ, ಹಳೆಯ ತೂತಿನಲ್ಲೇ, ಬಿಟ್ಟ ಜಾಗಕ್ಕಿಂತ ಆಚೀಚೆ ಮೂರು ನಾಲ್ಕು ಟಾಕಾ ಜಾಸ್ತಿ ಹೊಲಿಸಿ. ಹೊಸ ದಾರ ಹಳೆಯದಕ್ಕಿಂತ ದಪ್ಪ ಇರಬಾರದು.

## ಕಲಿಯುವವರಿಗೆ

"ಅಣ್ಣಾ, ಮನೇಲಿ ಅಮ್ಮನ ಹಳೇ ಉಷಾ ಮಷಿನ್ ಇದೆ. ಅದರಲ್ಲಿ ಲೆದರ್ ಹೊಲಿಬಹುದಾ?"

ತೆಳ್ಳಗಿನ, ಮೆತ್ತನೆಯ ಚರ್ಮ ಆದರೆ, ಎರಡು ಪದರ ಸೇರಿ 2 ಮಿಲಿಮೀಟರ್ ಒಳಗಿದ್ದರೆ, ಅಮ್ಮ ಒಪ್ಪಿದರೆ, ಹೊಲಿಯಬಹುದು. ಕಾಲಲ್ಲಿ ತುಳಿಯುವ ಹಳೆಯ ಮಷಿನ್‌ಗಳು ಈಗಿನ ಪ್ಲಾಸ್ಟಿಕ್ ಮಷಿನ್‌ಗಳಿಗಿಂತ ಇದನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. ಸೂಜಿ ಮಾತ್ರ ಚರ್ಮದ್ದೇ ಹಾಕಿ. ಬಟ್ಟೆಯ ಸೂಜಿ ಎಳೆಗಳನ್ನು ಸರಿಸಿ ನುಗ್ಗುತ್ತದೆ, ಚರ್ಮದ ಸೂಜಿಯ ಮೊನೆ ಸಣ್ಣ ಚಾಕುವಿನ ಹಾಗೆ ಸೀಳಿ ಹೋಗುತ್ತದೆ. ಟಾಕಾ ದೊಡ್ಡದಿಡಿ. ದಪ್ಪ ಜಾಗ ಬಂದಾಗ ಕಾಲು ತೆಗೆದು ಕೈಚಕ್ರ ತಿರುಗಿಸಿ. ಚರ್ಮ ಅಂಟಿಕೊಂಡು ಮುಂದೆ ಹೋಗದಿದ್ದರೆ ಮೇಲೊಂದು ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ಗುಂಡುಪಿನ್ನು ಚುಚ್ಚಬೇಡಿ, ಚರ್ಮದಲ್ಲಿ ಬಿದ್ದ ತೂತು ಮುಚ್ಚುವುದಿಲ್ಲ. ಬಟ್ಟೆ ಕ್ಲಿಪ್ ಸಾಕು.

ಅಟ್ಟೆ, ಬೆಲ್ಟು ಮಾತ್ರ ತರಬೇಡಿ ಅದರ ಹತ್ತಿರ. ಸೂಜಿ ಮುರಿದು ಕಣ್ಣಿಗೆ ಹಾರುತ್ತದೆ.

"ಕೈ ಹೊಲಿಗೆ ಶುರು ಮಾಡೋಕೆ ಏನೇನು ತರಬೇಕು?"

ಮೊನೆ ಮೊಂಡಾದ ಎರಡು ಸೂಜಿ, ಮೇಣ ಹಚ್ಚಿದ ದಾರ, ತೂತಿನ ಗುರುತು ಒತ್ತುವ ಹಲ್ಲಿನ ಉಳಿ, ಒಂದು ಆರಿ, ಒಂದು ಸುತ್ತಿಗೆ. ಚರ್ಮ ಸೀಳಲು ರಂಪಿಗೆ ಇದ್ದರೆ ಸರಿ, ಇಲ್ಲದಿದ್ದರೆ ಕಟರ್ ಬ್ಲೇಡ್. ಸೂಜಿ ಮೊಂಡು ಯಾಕೆಂದರೆ ತೂತು ಮಾಡುವುದು ಆರಿಯ ಕೆಲಸ. ಚೂಪು ಸೂಜಿ ತೂತಿನಲ್ಲಿರುವ ಇನ್ನೊಂದು ಎಳೆಯನ್ನೇ ಚುಚ್ಚಿ ಸೀಳಿಬಿಡುತ್ತದೆ. ಚರ್ಮ ಹಿಡಿಯಲು ಇಕ್ಕಳ ಕೊಳ್ಳಬೇಕಿಲ್ಲ, ಮೊದಲ ಆರು ತಿಂಗಳು ನಾನು ಮೊಣಕಾಲುಗಳ ನಡುವೆ ಎರಡು ಹಲಗೆ ಇಟ್ಟುಕೊಂಡೇ ಹೊಲಿದೆ.

"ದಾರ ಎಷ್ಟು ಉದ್ದ ತಗೋಬೇಕು? ಪ್ರತಿ ಸಲ ಅರ್ಧಕ್ಕೇ ಮುಗೀತದೆ."

ಹೊಲಿಗೆಯ ಉದ್ದದ ನಾಲ್ಕು ಪಟ್ಟು, ಜೊತೆಗೆ ಎರಡು ಸೂಜಿಗೂ ಗೇಣುದ್ದ. ಚರ್ಮ ದಪ್ಪ ಇದ್ದರೆ ಐದು ಪಟ್ಟು. ಎರಡೂ ಕೈ ಚಾಚಿದರೂ ಎಳೆಯಲಾಗದಷ್ಟು ಉದ್ದ ಬೇಡ, ತೂತಿನಲ್ಲಿ ಎಳೆದೆಳೆದು ಮೇಣವೂ ಹೋಗುತ್ತದೆ, ದಾರವೂ ಜುಂಗಾಗುತ್ತದೆ. ದಪ್ಪದ ಲೆಕ್ಕ ಹೀಗೆ: 3 ಮಿಲಿಮೀಟರ್ ಟಾಕಾಗೆ 0.6ರ ದಾರ, 4ಕ್ಕೆ 0.8, 5ಕ್ಕೆ 1. ಅಗಸೆನಾರಿನ ದಾರ ಚೆಂದ, ಮೇಣ ಬೇಕೇ ಬೇಕು. ಪಾಲಿಯೆಸ್ಟರ್ ಬಿಸಿಲು, ನೀರು ಎರಡಕ್ಕೂ ತಡೆಯುತ್ತದೆ, ತುದಿಯನ್ನು ಲೈಟರ್‌ನಲ್ಲಿ ಕರಗಿಸಿ ಒತ್ತಬಹುದು. ನೈಲಾನ್ ಗಟ್ಟಿ, ಆದರೆ ಬಿಸಿಲಲ್ಲಿ ಬೇಗ ಸೊರಗುತ್ತದೆ. ಅಂಗಿ ಹೊಲಿಯುವ ಹತ್ತಿ ದಾರ ಬೇಡ, ಬೆವರಿಗೆ ಕೊಳೆಯುತ್ತದೆ.

"ನನ್ನ ಹೊಲಿಗೆ ಮುಂದೆ ಓರೆ, ಹಿಂದೆ ನೆಟ್ಟಗೆ ಬರತ್ತೆ. ಎಲ್ಲಿ ತಪ್ತಾ ಇದೀನಿ?"

ನೀವು ತೂತಿನೊಳಗೆ ಯಾವ ಎಳೆ ಮೇಲೆ, ಯಾವುದು ಕೆಳಗೆ ಅಂತ ನೋಡುತ್ತಿಲ್ಲ. ಪ್ರತಿ ತೂತಿಗೂ ಒಂದೇ ಕೈಯ ಸೂಜಿ ಮೊದಲು ಹೋಗಬೇಕು, ಎರಡನೆಯದು ಪ್ರತಿ ಸಲ ಅದರ ಒಂದೇ ಬದಿಯಲ್ಲಿ ಹಾಯಬೇಕು, ಎಳೆಯುವಾಗ ಎರಡೂ ಕೈಯ ಜೋರು ಒಂದೇ ಇರಬೇಕು. ನಡುವೆ ಫೋನು ಬಂದು, ವಾಪಸ್ ಕೂತು ಬೇರೆ ಕೈಯಿಂದ ಶುರು ಮಾಡಿದರೆ ಅಲ್ಲಿಂದ ಓರೆ ತಪ್ಪುತ್ತದೆ. ತೂತಿನ ಆಕಾರವೂ ಮುಖ್ಯ. ದುಂಡು ತೂತಿನಲ್ಲಿ ಟಾಕಾ ನೆಟ್ಟಗೇ ಮಲಗುತ್ತದೆ. ಓರೆಯಾಗಿ ಸೀಳುವ ಚಪ್ಪಟೆ ಮೊನೆಯ ಆರಿ ಬೇಕು.

ಇಷ್ಟಾದರೂ ಹಿಂಭಾಗ ನೆಟ್ಟಗೇ ಬಂದರೆ ಎರಡನೆಯ ಸೂಜಿ ಹಾಯಿಸುವಾಗ ದಾರವನ್ನು ಅದರ ಮೊನೆಯ ಮೇಲೆ ಒಂದು ಸಲ ಹಾಕಿ ಎಳೆಯಿರಿ. ಒಳಗೆ ಅರ್ಧ ಗಂಟು ಬಿದ್ದು ಹಿಂದಿನದೂ ಓರೆಯಾಗುತ್ತದೆ. ನಿಧಾನದ ಕೆಲಸ. ಒಳಗೆ ಯಾರೂ ನೋಡದ ಕಡೆ ನಾನಂತೂ ಮಾಡುವುದಿಲ್ಲ.

## ಕೆಲಸ ಗೊತ್ತಿದ್ದವರಿಗೆ

"ಲೆದರ್ ಮಷಿನ್ ತಗೋಬೇಕು ಅಂತಿದೀನಿ. ಯಾವ ಬಗೆ ನೋಡ್ಲಿ?"

ಮೊದಲು ಕಾಲು ನೋಡಿ, ಅಂದರೆ ಚರ್ಮ ಒತ್ತುವ ಪಾದ. ಮಾಮೂಲಿ ಮಷಿನ್‌ನಲ್ಲಿ ಕೆಳಗಿನ ಹಲ್ಲು ಮಾತ್ರ ಚರ್ಮ ದೂಡುತ್ತದೆ, ಮೇಲಿನ ಪದರ ಹಿಂದೆ ಉಳಿಯುತ್ತದೆ, ಹಲ್ಲಿನ ಗುರುತೂ ಬೀಳುತ್ತದೆ. ಪಾದ, ಸೂಜಿ, ಹಲ್ಲು ಮೂರೂ ಒಟ್ಟಿಗೆ ಹೆಜ್ಜೆ ಹಾಕುವ ಮಷಿನ್ ಬೇಕು. ಆಮೇಲೆ ಮಲಗು (ಬೆಡ್), ಅಂದರೆ ಹೊಲಿಯುವಾಗ ಚರ್ಮ ಕೂರುವ ಮಷಿನ್‌ನ ತಳಭಾಗ. ಬೆಲ್ಟು, ಫೈಲು, ಚಪ್ಪಟೆ ಸಾಮಾನಿಗೆ ಟೇಬಲ್ಲಿನಂಥ ಮಲಗು ಸಾಕು. ಬ್ಯಾಗಿನ ಬಾಯಿ, ದುಂಡು ಸಾಮಾನಿಗೆ ತೋಳಿನ ಹಾಗೆ ಚಾಚಿದ ಮಷಿನ್. ಬೂಟಿನ ಮೇಲ್ಭಾಗಕ್ಕೆ ಕಂಬದ ಹಾಗೆ ನಿಂತದ್ದು. ಎರಡನೆಯದು ಒಂದಿದ್ದರೆ ಬಹಳ ಕೆಲಸ ಆಗುತ್ತದೆ.

ಒಮ್ಮೆಲೇ ಜೋರಾಗಿ ಓಡುವ ಕ್ಲಚ್ ಮೋಟಾರ್ ಇದ್ದರೆ ತೆಗೆಸಿ, ವೇಗ ಇಳಿಸಬಹುದಾದ ಸರ್ವೋ ಮೋಟಾರ್ ಹಾಕಿಸಿ. ಚರ್ಮದಲ್ಲಿ ಓಟ ಬೇಡ, ಒಂದೊಂದೇ ಟಾಕಾ ಹಾಕುವ ನಿಧಾನ ಬೇಕು. ಶೂ ರಿಪೇರಿಯವರ ಕೈ ತಿರುವುವ ಸಣ್ಣ ಮಷಿನ್ ನೋಡಿ ಆಸೆ ಪಡುವವರಿದ್ದಾರೆ. ಅದರ ಪಾದ ಸುತ್ತಲೂ ತಿರುಗುತ್ತದೆ, ತೇಪೆಗೆ ಅದ್ಭುತ. ಉದ್ದ ನೇರ ಹೊಲಿಗೆ ಅದರಲ್ಲಿ ಚೆಂದ ಬರುವುದಿಲ್ಲ.

"ಮಷಿನ್ ಹೊಲಿಗೇನ ಕೈ ಹೊಲಿಗೆ ತರ ಕಾಣೋ ಹಾಗೆ ಮಾಡೋಕೆ ಆಗತ್ತಾ?"

ಸ್ವಲ್ಪ ಮಟ್ಟಿಗೆ ಆಗುತ್ತದೆ. ಚರ್ಮದ ಸೂಜಿಗಳ ಮೊನೆಯಲ್ಲೇ ಬಗೆಗಳಿವೆ. ಹೊಲಿಗೆಯ ಗೆರೆಗೆ ಓರೆಯಾಗಿ ಸೀಳುವ ಮೊನೆ ಹಾಕಿದರೆ ಟಾಕಾ ಓರೆಯಾಗಿ ಮಲಗುತ್ತದೆ, ಗೆರೆಯ ಉದ್ದಕ್ಕೇ ಸೀಳುವ ಮೊನೆ ಹಾಕಿದರೆ ನೆಟ್ಟಗೆ. ದಪ್ಪ ದಾರ, ಇಂಚಿಗೆ ಆರೇಳು ಟಾಕಾ, ಕೊನೆಗೆ ದಾರವನ್ನು ಹಿಂದಕ್ಕೆಳೆದು ಕೈಲಿ ಮುಗಿಸಿದರೆ ದೂರದಿಂದ ನಾನೂ ಮೋಸ ಹೋಗುತ್ತೇನೆ. ಚೆಂದಕ್ಕೆ ಮಾಡಿ, ತಪ್ಪೇನಿಲ್ಲ. ಕೈ ಹೊಲಿಗೆ ಅಂತ ಹೇಳಿ ಮಾರಬೇಡಿ.

"ಶೂ ತಳ ಕೈಲಿ ಹೊಲಿಸಿದ್ರೇನೇ ಒಳ್ಳೇದು ಅಂತಾರೆ. ಹೌದೇನ್ರಿ?"

ಶೂ ವಿಷಯದಲ್ಲಿ ಕೈ, ಮಷಿನ್ ಅನ್ನುವುದಕ್ಕಿಂತ ಹೊಲಿಗೆ ಎಲ್ಲಿ ಹಾಯುತ್ತದೆ ಅನ್ನುವುದು ದೊಡ್ಡದು. 1858ರಲ್ಲಿ ಅಮೆರಿಕದ ಲೈಮನ್ ಬ್ಲೇಕ್ ಪೇಟೆಂಟ್ ಪಡೆದ ಮಷಿನ್ ಶೂ ಒಳಗಿನಿಂದ ಒಳತಳ, ಮೇಲ್ಭಾಗ, ಹೊರತಳ ಮೂರನ್ನೂ ನೇರವಾಗಿ ಚುಚ್ಚಿ ಹೊಲಿಯುತ್ತದೆ. ತಳ ತೆಳ್ಳಗೆ, ಹಗುರ, ಚೆನ್ನಾಗಿ ಬಾಗುತ್ತದೆ. ಆದರೆ ತೂತು ನೇರ ಕಾಲಿನವರೆಗೆ ಇರುವುದರಿಂದ ನೀರು ಏರಲು ದಾರಿ ಇದೆ. ಗುಡ್‌ಇಯರ್ ವೆಲ್ಟ್ ಅನ್ನುವುದರಲ್ಲಿ ನಡುವೆ ಒಂದು ಚರ್ಮದ ಪಟ್ಟಿ. ಮೇಲ್ಭಾಗವನ್ನು ಪಟ್ಟಿಗೆ, ಪಟ್ಟಿಯನ್ನು ಹೊರತಳಕ್ಕೆ ಹೊಲಿಯುತ್ತಾರೆ. ತಳ ಸವೆದರೆ ಹೊರಗಿನ ಹೊಲಿಗೆ ಬಿಚ್ಚಿ ಹೊಸ ತಳ ಹಾಕಬಹುದು. ಅದೂ ಮಷಿನ್ ಹೊಲಿಗೆಯೇ, ವರ್ಷಗಟ್ಟಲೆ ಬಾಳುತ್ತದೆ.

"ಕೈ ಹೊಲಿಗೆಗೆ ಎಷ್ಟು ದುಡ್ಡು ಕೇಳಬೇಕು? ಜಾಸ್ತಿ ಹೇಳಿದ್ರೆ ಗಿರಾಕಿ ಎದ್ದು ಹೋಗ್ತಾರೆ."

ಗಂಟೆ ಲೆಕ್ಕ ಹಾಕಿ, ಸಾಮಾನಿನ ಲೆಕ್ಕ ಬೇಡ. 4 ಮಿಲಿಮೀಟರ್ ಟಾಕಾ ಅಂದರೆ ಒಂದು ಅಡಿಗೆ ಸುಮಾರು 76 ಟಾಕಾ. ತೂತು ಹಾಕುವುದೂ ಸೇರಿ ನನಗೆ ಅಡಿಗೆ ಅರ್ಧ ಗಂಟೆ ಹಿಡಿಯುತ್ತದೆ. ಮಷಿನ್‌ನಲ್ಲಿ ಅದೇ ಒಂದು ನಿಮಿಷವೂ ಇಲ್ಲ. ಮಡಚುವ ಪರ್ಸಿಗೆ ಎರಡೂವರೆ ಅಡಿ ಹೊಲಿಗೆ, ದೊಡ್ಡ ಬ್ಯಾಗಿಗೆ ಹನ್ನೆರಡು ಅಡಿ. ಪೂರ್ತಿ ಕೈಲಿ ಅಂದರೆ ಬ್ಯಾಗಿಗೆ ಆರು ಗಂಟೆ ಬರೀ ಹೊಲಿಗೆ! ಆ ಆರು ಗಂಟೆಗೆ ನಿಮ್ಮೂರಲ್ಲಿ ಗಾರೆ ಕೆಲಸದ ಮೇಸ್ತ್ರಿಗೆ ಎಷ್ಟು ಕೊಡುತ್ತಾರೋ ಅದಕ್ಕಿಂತ ಕಡಿಮೆ ಕೇಳಬೇಡಿ. ಗಿರಾಕಿಗೆ ಜಾಸ್ತಿ ಅನಿಸಿದರೆ ಎದ್ದು ಹೋಗಲು ಬಿಡಬೇಡಿ, ಹಿಡಿಕೆ ಮಾತ್ರ ಕೈಲಿ ಹೊಲಿದು ಉಳಿದದ್ದು ಮಷಿನ್‌ಗೆ ಹಾಕುತ್ತೇನೆ ಅಂತ ಹೇಳಿ. ನನ್ನ ಹತ್ತಿರ ಹತ್ತರಲ್ಲಿ ಎಂಟು ಜನ ಅದಕ್ಕೇ ಒಪ್ಪುತ್ತಾರೆ.

"ದಾರ ಎಷ್ಟು ಗಟ್ಟಿ ಇದ್ರೆ ಅಷ್ಟು ಒಳ್ಳೇದಲ್ವಾ? ಮೀನು ಬಲೆ ದಾರ ಹಾಕಿ ಹೊಲಿದ್ರೆ ಹರಿಯೋ ಮಾತೇ ಇಲ್ಲ."

ಹರಿಯಬೇಕು ರೀ! ಬ್ಯಾಗಿಗೆ ತಡೆಯಲಾರದ ಭಾರ ಬಿದ್ದಾಗ ದಾರ, ಚರ್ಮ ಎರಡರಲ್ಲಿ ಒಂದು ಸೋಲಲೇಬೇಕು. ದಾರ ಸೋತರೆ ಹಳೆಯ ತೂತಿನಲ್ಲೇ ಹತ್ತು ನಿಮಿಷದಲ್ಲಿ ಹೊಲಿದು ಕೊಡಬಹುದು. ಚರ್ಮ ಸೋತರೆ ಆ ತುಂಡೇ ಹೋಯಿತು. ಸಪೂರ, ಗಡಸು ದಾರ ಮೆತ್ತನೆಯ ಚರ್ಮವನ್ನು ತಂತಿ ಬೆಣ್ಣೆ ಕೊಯ್ದ ಹಾಗೆ ಕೊಯ್ಯುತ್ತದೆ. ನಾನು ದಾರ ಆರಿಸುವಾಗ ಬೇಡದ ಚರ್ಮದ ತುಂಡೆರಡನ್ನು ನಾಲ್ಕು ಟಾಕಾ ಹೊಲಿದು ಇಕ್ಕಳದಲ್ಲಿ ಹಿಡಿದು ಜಗ್ಗುತ್ತೇನೆ. ಚರ್ಮ ಮೊದಲು ಸೀಳಿದರೆ ಒಂದು ಅಳತೆ ಸಣ್ಣ ದಾರ, ಇಲ್ಲವೇ ಟಾಕಾ ದೂರ ದೂರ. ಮತ್ತೆ, ಮಾರುವ ಪ್ರತಿ ಬ್ಯಾಗಿನ ಒಳಜೇಬಿನಲ್ಲಿ ಅದೇ ದಾರದ ಎರಡು ಮೊಳ ಸುತ್ತಿ ಇಟ್ಟಿರುತ್ತೇನೆ. ಯಾವ ಊರಲ್ಲಿ ಬಿಚ್ಚಿದರೂ ಅಲ್ಲಿ ಹೊಲಿಯುವವರ ಕೈಗೆ ಅದನ್ನು ಕೊಟ್ಟರಾಯಿತು.